40 ಸರ್ವರ್, ನೋಡಿಕೊಳ್ಳುವವರು ಇಬ್ಬರೇ: ಯಾವ ಟೂಲ್ ಹಿಡಿಯಲಿ?

ಪ್ರಶ್ನೆ: ನಮ್ಮಲ್ಲಿ 40 ಲಿನಕ್ಸ್ ಸರ್ವರ್‌ಗಳಿವೆ. ಹೆಚ್ಚಿನವು ಉಬುಂಟು 22.04, ಎಂಟು ಮಾತ್ರ ಸೆಂಟ್‌ಓಎಸ್ 7. ಈವರೆಗೆ ಶೆಲ್ ಸ್ಕ್ರಿಪ್ಟ್‌ಗಳಲ್ಲೇ ಕಾಲ ತಳ್ಳಿದ್ದೇವೆ. ಅನೇಕ ಸರ್ವರ್‌ಗಳನ್ನು ಒಂದೇ ಕಡೆಯಿಂದ ನಿರ್ವಹಿಸುವ ಟೂಲ್‌ಗಳಾದ ಆನ್ಸಿಬಲ್, ಪಪೆಟ್, ಸಾಲ್ಟ್, ಇವುಗಳಲ್ಲಿ ಯಾವುದು ಸರಿ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಆನ್ಸಿಬಲ್. ಪಪೆಟ್‌ಗೆ ಪ್ರತಿ ಯಂತ್ರದಲ್ಲೂ ಏಜೆಂಟ್ (ಅದರ ಪರವಾಗಿ ಕೆಲಸ ಮಾಡುವ ಪ್ರೋಗ್ರಾಂ) ಕೂರಿಸಬೇಕು, 8140ನೇ ಪೋರ್ಟ್ ತೆರೆಯಬೇಕು, ಸರ್ಟಿಫಿಕೇಟ್‌ಗಳನ್ನು ಸಂಭಾಳಿಸಬೇಕು. ಗಡಿಯಾರ ಹಿಂದುಮುಂದಾದರೂ ಸರ್ಟಿಫಿಕೇಟ್ ತಕರಾರು ತೆಗೆಯುತ್ತದೆ. ಸಾಲ್ಟ್ ವೇಗಿ, ಆದರೆ ಸಾಮಾನ್ಯ ಜೋಡಣೆಯಲ್ಲಿ ಅದಕ್ಕೂ ಏಜೆಂಟ್ ಬೇಕು. ಆದೇಶ ಕೊಡುವ ಅದರ ಮಾಸ್ಟರ್ ಯಂತ್ರದ 4505, 4506 ಪೋರ್ಟ್‌ಗಳನ್ನು ಇಂಟರ್ನೆಟ್‌ಗೆ ತೆರೆದಿಟ್ಟವರು 2020ರಲ್ಲಿ ಪೆಟ್ಟು ತಿಂದರು. ಆನ್ಸಿಬಲ್‌ಗೆ ಎಸ್‌ಎಸ್‌ಎಚ್ (ದೂರದ ಯಂತ್ರಕ್ಕೆ ಲಾಗಿನ್ ಆಗುವ ದಾರಿ) ಮತ್ತು ಆ ಕಡೆ ಪೈಥಾನ್ ಇದ್ದರೆ ಸಾಕು. ಇಬ್ಬರೇ ಇರುವಲ್ಲಿ ಟೂಲ್‌ನ ಚಾಕರಿಗೇ ಒಬ್ಬರು ಮೀಸಲಾಗಬಾರದಲ್ಲ!

ಪಪೆಟ್ ಗೆಲ್ಲುವ ಜಾಗವೂ ಒಂದಿದೆ. ಅದರ ಏಜೆಂಟ್ ಪ್ರತಿ 30 ನಿಮಿಷಕ್ಕೊಮ್ಮೆ ತಾನಾಗಿ ಓಡಿ, ಯಾರೋ ಕೈಯಾರೆ ಬದಲಿಸಿದ ಕಡತವನ್ನು ಮೊದಲಿನಂತೆ ಮಾಡುತ್ತದೆ. ಆನ್ಸಿಬಲ್ ನೀವು ಓಡಿಸಿದಾಗ ಮಾತ್ರ ಕೆಲಸ ಮಾಡುತ್ತದೆ. ರೂಟ್ ಪಾಸ್‌ವರ್ಡ್ ಹತ್ತು ಜನರ ಕೈಯಲ್ಲಿದ್ದರೆ ಪಪೆಟ್ ಬಗ್ಗೆ ಯೋಚಿಸಿ. ಅದಕ್ಕಿಂತ ಮೊದಲು ಪಾಸ್‌ವರ್ಡ್ ಬದಲಿಸಿ.

ನಿಮಗೆ ತೊಡಕಾಗುವುದು ಆ ಎಂಟು ಸೆಂಟ್‌ಓಎಸ್ ಯಂತ್ರಗಳು. ಅವುಗಳಲ್ಲಿರುವುದು ಪೈಥಾನ್ 2.7. ಆನ್ಸಿಬಲ್ ಕೋರ್ (ಆನ್ಸಿಬಲ್‌ನ ಮೂಲ ಭಾಗ) 2.17ನೇ ಆವೃತ್ತಿಯಿಂದ ನಿರ್ವಹಿಸಬೇಕಾದ ಯಂತ್ರದಲ್ಲಿ ಕನಿಷ್ಠ ಪೈಥಾನ್ 3.7 ಇರಲೇಬೇಕು, ಇಲ್ಲದಿದ್ದರೆ ಮೊದಲ ಟಾಸ್ಕ್‌ನಲ್ಲೇ ಅರ್ಥವಾಗದ ಸಿಂಟ್ಯಾಕ್ಸ್ ದೋಷ ಬರುತ್ತದೆ. ಅಲ್ಲಿ ಪೈಥಾನ್ 3 ಹಾಕಿದರೂ ಪಾರಾಗಲಾರಿರಿ, ಪ್ಯಾಕೇಜ್ ಹಾಕುವ ಯಮ್ ಮಾಡ್ಯೂಲ್‌ಗೆ ಪೈಥಾನ್ 2ರ ಲೈಬ್ರರಿಯೇ ಬೇಕು. ಹಾಗಾಗಿ ವರ್ಚುವಲ್ ಎನ್ವಿರಾನ್‌ಮೆಂಟ್ (ಪೈಥಾನ್‌ನ ಪ್ರತ್ಯೇಕ ಆವರಣ) ಮಾಡಿಕೊಂಡು ಆನ್ಸಿಬಲ್ ಕೋರ್ 2.16ರಲ್ಲೇ ನಿಲ್ಲಿ. ಅದನ್ನು ಓಡಿಸುವ ಯಂತ್ರದಲ್ಲಿ ಪೈಥಾನ್ 3.10 ಬೇಕು, ಉಬುಂಟು 22.04ರಲ್ಲಿ ಅದು ಇದ್ದೇ ಇದೆ. ಸೆಂಟ್‌ಓಎಸ್ 7ಕ್ಕೆ ಬೆಂಬಲ 2024ರ ಜೂನ್ 30ಕ್ಕೇ ಮುಗಿದಿದೆ, ಆ ಯಂತ್ರಗಳನ್ನು ಬದಲಿಸಿದ ಮೇಲೆ ಆವೃತ್ತಿ ಏರಿಸಬಹುದು.

ಸೆಟ್ಟಿಂಗ್ ಬದಲಿಸದಿದ್ದರೆ ಆನ್ಸಿಬಲ್ ಒಮ್ಮೆಗೆ ಐದೇ ಸರ್ವರ್ ಮುಟ್ಟುತ್ತದೆ. ಈ ಸಂಖ್ಯೆಯನ್ನು ನಿರ್ಧರಿಸುವ ಫೋರ್ಕ್ಸ್ ಮೌಲ್ಯವನ್ನು 20ಕ್ಕೆ ಏರಿಸಿ. ಪೈಪ್‌ಲೈನಿಂಗ್ (ಎಸ್‌ಎಸ್‌ಎಚ್ ಓಡಾಟ ಕಡಿಮೆ ಮಾಡುವ ಸೆಟ್ಟಿಂಗ್) ಆನ್ ಮಾಡಿದರೆ ಇನ್ನಷ್ಟು ಚುರುಕಾಗುತ್ತದೆ, ಆದರೆ ಸುಡೋದಲ್ಲಿ (ರೂಟ್ ಅಧಿಕಾರ ಕೊಡುವ ಕಮಾಂಡ್) ಟರ್ಮಿನಲ್ ಇರಲೇಬೇಕೆನ್ನುವ ರಿಕ್ವೈರ್ ಟಿಟಿವೈ ಸಾಲು ಇದ್ದರೆ ಕೈಕೊಡುತ್ತದೆ. ಹಳೆಯ ಸ್ಕ್ರಿಪ್ಟ್‌ಗಳನ್ನು ಶೆಲ್ ಮಾಡ್ಯೂಲ್‌ನೊಳಗೆ ತುರುಕಬೇಡಿ. ಆಗ ಪ್ರತಿ ಸಲವೂ ‘ಬದಲಾಗಿದೆ’ ಎಂದೇ ತೋರಿಸುತ್ತದೆ, ನಿಜವಾಗಿ ಏನು ಬದಲಾಯಿತೆಂದು ತಿಳಿಯುವುದಿಲ್ಲ. ಎಸ್‌ಎಸ್‌ಎಚ್ ಮತ್ತು ಸುಡೋ ಕಡತಗಳಿಗೆ ಟೆಂಪ್ಲೇಟ್ ಬಳಸುವಾಗ, ಕಡತ ಹಾಕುವ ಮೊದಲು ಅದನ್ನು ಪರೀಕ್ಷಿಸುವ ವ್ಯಾಲಿಡೇಟ್ ಆಯ್ಕೆ ಕಡ್ಡಾಯವೆಂದೇ ತಿಳಿಯಿರಿ. ತಪ್ಪಿರುವ ಸುಡೋ ಕಡತ 40 ಕಡೆ ಹೋದರೆ ಅದನ್ನು ಸರಿಪಡಿಸಲು ಆನ್ಸಿಬಲ್‌ಗೂ ದಾರಿ ಇರುವುದಿಲ್ಲ. ಸೀರಿಯಲ್ ಆಯ್ಕೆ ಕೊಟ್ಟು ಮೊದಲು ಒಂದು ಸರ್ವರ್, ಆಮೇಲೆ ಐದು, ಆಮೇಲೆ ಉಳಿದವು ಎಂದು ತಂಡತಂಡವಾಗಿ ಓಡಿಸಿ.

ಪ್ರಶ್ನೆ: ಆನ್ಸಿಬಲ್ ಪ್ಲೇಬುಕ್ (ಟಾಸ್ಕ್‌ಗಳ ಪಟ್ಟಿ ಇರುವ ಕಡತ) ಎಲ್ಲವೂ ಸರಿ ಎನ್ನುತ್ತದೆ. ಸೆಟ್ಟಿಂಗ್ ಕಡತವೂ ಹೊಸದೇ. ವೆಬ್ ಸರ್ವರ್ ಎಂಜಿನ್‌ಎಕ್ಸ್ ಮಾತ್ರ ಹಳೆಯ ಸೆಟ್ಟಿಂಗ್‌ನಲ್ಲೇ ಓಡುತ್ತಿದೆ. ಏಕೆ?
– ಇನ್ನೊಬ್ಬ ಓದುಗರು, ಮೈಸೂರು

ಉತ್ತರ: ಹಿಂದಿನ ಸಲ ನಡುವೆ ಯಾವುದೋ ಟಾಸ್ಕ್ ಸೋತಿರಬೇಕು. ಸರ್ವೀಸ್ ರೀಲೋಡ್ ಮಾಡುವ ಹ್ಯಾಂಡ್ಲರ್ ಓಡುವುದು ಟಾಸ್ಕ್‌ಗಳೆಲ್ಲ ಮುಗಿದ ಮೇಲೆ. ಕಡತ ಬದಲಾಯಿತು, ಮುಂದಿನ ಟಾಸ್ಕ್ ಬಿದ್ದಿತು, ಹ್ಯಾಂಡ್ಲರ್ ಸರದಿ ಬರಲೇ ಇಲ್ಲ. ಮರಳಿ ಓಡಿಸಿದಾಗ ಕಡತ ಆಗಲೇ ಸರಿಯಾಗಿರುವುದರಿಂದ ಹ್ಯಾಂಡ್ಲರ್‌ಗೆ ಕರೆಯೇ ಹೋಗುವುದಿಲ್ಲ. ಈಗ ಕೈಯಾರೆ ರೀಲೋಡ್ ಮಾಡಿ. ಮುಂದಕ್ಕೆ, ಟಾಸ್ಕ್ ಸೋತರೂ ಹ್ಯಾಂಡ್ಲರ್ ಓಡಿಸುವ ಫೋರ್ಸ್ ಹ್ಯಾಂಡ್ಲರ್ಸ್ ಆಯ್ಕೆ ಹಾಕಿ, ಇಲ್ಲವೇ ಕಡತ ಬರೆದ ಕೂಡಲೇ ಅದನ್ನು ಅಲ್ಲೇ ಓಡಿಸುವ ಫ್ಲಶ್ ಹ್ಯಾಂಡ್ಲರ್ಸ್ ಸೇರಿಸಿ.

ಇದನ್ನು ಚೆಕ್ ಮೋಡ್‌ನಲ್ಲಿ (ಏನನ್ನೂ ಬದಲಿಸದೆ ಓಡಿಸಿ ನೋಡುವ ವಿಧಾನ) ಹಿಡಿಯುತ್ತೇನೆಂದರೆ ಆಗದು. ಅಲ್ಲಿ ಶೆಲ್ ಟಾಸ್ಕ್‌ಗಳು ಹಾರಿಹೋಗುತ್ತವೆ, ಅವುಗಳ ಉತ್ತರ ನೆಚ್ಚಿಕೊಂಡ ಮುಂದಿನ ಟಾಸ್ಕ್ ಸುಮ್ಮನೆ ದೋಷ ತೋರಿಸುತ್ತದೆ. ಬರೀ ಮಾಹಿತಿ ಓದುವ ಕಮಾಂಡ್ ಆದರೆ ಆ ಟಾಸ್ಕ್‌ಗೆ ‘ಚೆಕ್ ಮೋಡ್: ಫಾಲ್ಸ್’, ‘ಚೇಂಜ್ಡ್ ವೆನ್: ಫಾಲ್ಸ್’ ಎರಡೂ ಬರೆಯಿರಿ.