ಇಡ್ಲಿ ಬಿಡಬೇಡಿ, ಶುಗರ್ ನೋಡಿಸಿಕೊಳ್ಳಿ

ಚಿತ್ರದುರ್ಗ ಜಿಲ್ಲೆಯ ಓದುಗರೊಬ್ಬರು ಹೆಸರು ಹಾಕಬೇಡಿ ಎಂದು ಕೇಳಿಕೊಂಡು ಬರೆದಿದ್ದಾರೆ: "ವಯಸ್ಸು 58. ಸಕ್ಕರೆ ಕಾಯಿಲೆ ಇದೆ. ಈಚೆಗೆ ಮಾತ್ರೆ ಬದಲಾಯಿಸಿದ್ದಾರೆ. ಆಮೇಲೆ ಕೆಳಗೆ ತುರಿಕೆ, ಬಿಳಿ ಹೋಗುವುದು ಜಾಸ್ತಿಯಾಗಿದೆ. ಡಾಕ್ಟರು ಯೀಸ್ಟ್ ಸೋಂಕು ಎಂದರು. ಯೀಸ್ಟ್ ಇರುವುದು ಹುದುಗಿದ ಹಿಟ್ಟಿನಲ್ಲಿ ಅಲ್ವಾ ಎಂದು ಪಕ್ಕದ ಮನೆಯವರು ಹೇಳಿದ ಮೇಲೆ ಇಡ್ಲಿ, ದೋಸೆ, ಬ್ರೆಡ್ಡು ಎಲ್ಲ ಬಿಟ್ಟಿದ್ದೇನೆ. ಆದರೆ ಮೊಮ್ಮಗನ ಭೇದಿಗೆ ಯೀಸ್ಟಿನ ಪುಡಿಯನ್ನೇ ಔಷಧಿ ಅಂತ ಕೊಟ್ಟರು. ಇದು ಹೇಗೆ? ತುರಿಕೆಗೆ ಮೆಡಿಕಲ್ ಶಾಪಿನಿಂದ ತಂದ ಟ್ಯೂಬ್ ಹಚ್ಚುತ್ತಿದ್ದೇನೆ, ಸರಿಯೇ?"

ಅಮ್ಮಾ, ಸಂಕೋಚ ಬಿಟ್ಟು ಬರೆದಿದ್ದೀರಿ, ಒಳ್ಳೆಯದಾಯಿತು. ನಾಲ್ಕರಲ್ಲಿ ಮೂವರು ಹೆಂಗಸರಿಗೆ ಜೀವನದಲ್ಲಿ ಒಮ್ಮೆಯಾದರೂ ಈ ತೊಂದರೆ ಬರುತ್ತದೆ. ಹೇಳಿಕೊಳ್ಳುವವರು ಕಡಿಮೆ.

ಯೀಸ್ಟ್ ಎಂದರೆ ಒಂದೇ ಜೀವಿಯಲ್ಲ. ಬೂಷ್ಟು, ನಾಯಿಕೊಡೆಗಳ ಬಳಗಕ್ಕೆ ಸೇರಿದ, ಒಂದೇ ಜೀವಕೋಶದ ಶಿಲೀಂಧ್ರಗಳವು. ಗುರುತಿಸಿರುವ ಜಾತಿಗಳೇ 1500ಕ್ಕೂ ಹೆಚ್ಚು. ಬೇಕರಿಯವರು ಹಾಕುವುದು ಸ್ಯಾಕರೋಮೈಸಿಸ್ ಸೆರೆವಿಸಿಯೆ. ಬ್ರೆಡ್ಡು ಬೇಯುವಾಗ ಅದು ಸತ್ತೇ ಹೋಗುತ್ತದೆ. ಇನ್ನು ಇಡ್ಲಿ ಹಿಟ್ಟು ಉಬ್ಬುವುದಕ್ಕೆ ಮುಖ್ಯ ಕಾರಣ ಯೀಸ್ಟೇ ಅಲ್ಲ, ಲ್ಯಾಕ್ಟಿಕ್ ಆಮ್ಲ ಮಾಡುವ ಬ್ಯಾಕ್ಟೀರಿಯಾ. ಹಿಟ್ಟಿನಲ್ಲಿ ಸ್ವಲ್ಪ ಯೀಸ್ಟ್ ಇದ್ದರೂ ಹಬೆಯಲ್ಲಿ ಉಳಿಯುವುದಿಲ್ಲ. ಹಾಗಾಗಿ ನಾಳೆಯಿಂದಲೇ ಇಡ್ಲಿ ಮಾಡಿ. ಶುಗರ್ ಇರುವವರು ಎಷ್ಟು ತಿನ್ನಬೇಕು ಎನ್ನುವುದು ಬೇರೆ ಲೆಕ್ಕ.

ನಿಮಗೆ ತೊಂದರೆ ಕೊಡುತ್ತಿರುವುದು ಬಹುಶಃ ಕ್ಯಾಂಡಿಡಾ ಎಂಬ ಯೀಸ್ಟ್. ಅದು ಹೊರಗಿನಿಂದ ಬಂದದ್ದಲ್ಲ. ಎಷ್ಟೋ ಜನರ ಬಾಯಿ, ಕರುಳು, ಯೋನಿಯಲ್ಲಿ ಸುಮ್ನೆ ಇರುತ್ತದೆ. ಪಕ್ಕದಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾ ಅದನ್ನು ಹದ್ದುಬಸ್ತಿನಲ್ಲಿಡುತ್ತವೆ. ಆಂಟಿಬಯಾಟಿಕ್ ತಿಂದು ಆ ಬ್ಯಾಕ್ಟೀರಿಯಾ ಸತ್ತರೆ ಅಥವಾ ರಕ್ತದಲ್ಲಿ ಸಕ್ಕರೆ ಏರಿದರೆ ಕ್ಯಾಂಡಿಡಾ ಬೆಳೆಯುತ್ತದೆ. ಬಸಿರಿನಲ್ಲೂ ಹೀಗಾಗುತ್ತದೆ. ಉಬ್ಬಸದ ಇನ್‌ಹೇಲರ್ ಎಳೆದ ಮೇಲೆ ಬಾಯಿ ಮುಕ್ಕಳಿಸಿ ಎನ್ನುವುದೂ ಇದಕ್ಕೇ. ಅದರಲ್ಲಿ ಸ್ಟೆರಾಯ್ಡ್ ಇದ್ದರೆ ಬಾಯಲ್ಲಿ ಬಿಳಿ ಪದರ ಕಟ್ಟಬಹುದು.

ಮಾತ್ರೆ ಬದಲಾಯಿಸಿದ ಮೇಲೆ ಶುರುವಾಯಿತು ಎಂದಿದ್ದೀರಲ್ಲ, ನಿಮ್ಮ ಪತ್ರದಲ್ಲಿ ನನಗೆ ಮುಖ್ಯ ಎನಿಸಿದ್ದು ಆ ಮಾತು. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್‌ನಂಥ ಮಾತ್ರೆಗಳು ಸಕ್ಕರೆಯನ್ನು ಮೂತ್ರದ ಮೂಲಕ ಹೊರಗೆ ಹಾಕುತ್ತವೆ. ಹೃದಯಕ್ಕೆ, ಕಿಡ್ನಿಗೆ ಒಳ್ಳೆಯ ಮಾತ್ರೆಗಳೇ. ಆದರೆ ಆ ಜಾಗದಲ್ಲಿ ಸಕ್ಕರೆ ಸಿಕ್ಕರೆ ಯೀಸ್ಟ್ ಬಿಡುತ್ತದೆಯೇ? ಚೀಟಿ ತೆಗೆದು ಹೆಸರು ನೋಡಿ, ಡಾಕ್ಟರಿಗೆ ಹೇಳಿ. ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ. ಮೂರು ತಿಂಗಳ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯನ್ನೂ ಮಾಡಿಸಿ.

ಮೊಮ್ಮಗನಿಗೆ ಕೊಟ್ಟದ್ದು ಸ್ಯಾಕರೋಮೈಸಿಸ್ ಬೌಲಾರ್ಡಿ ಇರಬೇಕು. 1920ರ ದಶಕದಲ್ಲಿ ಆಗ್ನೇಯ ಏಷ್ಯಾದಲ್ಲಿ ಕಾಲರಾ ಹಬ್ಬಿದ್ದಾಗ ಲಿಚಿ, ಮ್ಯಾಂಗೋಸ್ಟೀನ್ ಹಣ್ಣುಗಳ ಸಿಪ್ಪೆಯನ್ನು ಬಳಸುತ್ತಿದ್ದ ಜನರನ್ನು ಫ್ರಾನ್ಸಿನ ಹೆನ್ರಿ ಬೌಲಾರ್ಡ್ ಗಮನಿಸಿದರು. ಆ ಸಿಪ್ಪೆಯಿಂದ ಅವರು ಬೇರ್ಪಡಿಸಿದ್ದು ಈ ಯೀಸ್ಟ್. ಬ್ಯಾಕ್ಟೀರಿಯಾ ಕೊಲ್ಲುವ ಆಂಟಿಬಯಾಟಿಕ್‌ಗೆ ಇದು ಸಾಯುವುದಿಲ್ಲ. ಅದಕ್ಕೇ ಆಂಟಿಬಯಾಟಿಕ್‌ನಿಂದ ಆಗುವ ಭೇದಿ ತಡೆಯಲು ಕೊಡುತ್ತಾರೆ. ರೋಗನಿರೋಧಕ ಶಕ್ತಿ ತೀರಾ ಕುಗ್ಗಿದವರಿಗೆ ಮಾತ್ರ ಕೊಡಬಾರದು. ಮತ್ತೆ, ಮಕ್ಕಳ ಭೇದಿಗೆ ಮೊದಲು ಬೇಕಾದದ್ದು ಓಆರ್‌ಎಸ್. ಪುಡಿ ಆಮೇಲೆ.

ಯೀಸ್ಟಿನ ಉಪಕಾರದ ವಿಷಯ ಬಂದಾಗ ನಾನು ಲೂಸಿ ವಿಲ್ಸ್ ಅವರನ್ನು ನೆನೆಯದೆ ಇರಲಾರೆ. ಈ ಇಂಗ್ಲಿಷ್ ವೈದ್ಯೆ 1928ರಲ್ಲಿ ಮುಂಬೈಗೆ ಬಂದರು. ಅಲ್ಲಿ ಬಟ್ಟೆ ಗಿರಣಿಗಳಲ್ಲಿ ದುಡಿಯುವ ಬಡ ಬಸುರಿಯರು ಒಂದು ಬಗೆಯ ಭಾರಿ ರಕ್ತಹೀನತೆಯಿಂದ ಸಾಯುತ್ತಿದ್ದರು. ಮಾರ್ಮೈಟ್ ಎಂಬ ಅಗ್ಗದ ಯೀಸ್ಟ್ ಸಾರ ತಿನ್ನಿಸಿದಾಗ ಅವರು ಚೇತರಿಸಿಕೊಂಡರು. 1931ರಲ್ಲಿ ವಿಲ್ಸ್ ಇದನ್ನು ಪ್ರಕಟಿಸಿದರು. ಅದರಲ್ಲಿ ಕೆಲಸ ಮಾಡಿದ್ದು ಫೋಲೇಟ್ ಎಂಬ ವಿಟಮಿನ್ ಎಂದು ಆಮೇಲೆ ತಿಳಿಯಿತು. ಇವತ್ತು ನಮ್ಮ ಆಶಾ ಕಾರ್ಯಕರ್ತೆಯರು ಬಸುರಿಯರಿಗೆ ಕೊಡುವ ಕಬ್ಬಿಣದ ಮಾತ್ರೆಯಲ್ಲಿ ಅದೇ ವಿಟಮಿನ್ನಿನ ಇನ್ನೊಂದು ರೂಪವಾದ ಫೋಲಿಕ್ ಆಮ್ಲ ಇರುವುದರ ಹಿಂದೆ ಆ ತಾಯಂದಿರಿದ್ದಾರೆ. ಬೆಂಗಳೂರಿನ ಬಯೋಕಾನ್ 2004ರಲ್ಲಿ ಮಾರುಕಟ್ಟೆಗೆ ತಂದ ಇನ್ಸುಲಿನ್ ಕೂಡ ಪಿಕಿಯಾ ಎಂಬ ಯೀಸ್ಟಿನಿಂದ ತಯಾರಾದದ್ದು.

ಕೆಟ್ಟವೂ ಇವೆ. ತಲೆಹೊಟ್ಟು, ಚಿಬ್ಬು ಎರಡಕ್ಕೂ ಚರ್ಮದ ಎಣ್ಣೆ ತಿಂದು ಬದುಕುವ ಮಲಸೇಜಿಯಾ ಕಾರಣ. ಅವು ಪ್ರಾಣಕ್ಕೆ ಅಪಾಯವಲ್ಲ. ಹೆದರಬೇಕಾದ್ದು ಕ್ಯಾಂಡಿಡಾ ಆರಿಸ್‌ಗೆ. ಜಪಾನಿನಲ್ಲಿ 2009ರಲ್ಲಿ ಗುರುತಿಸಿದ ಇದು ಐಸಿಯು ರೋಗಿಗಳ ರಕ್ತಕ್ಕೆ ಸೇರುತ್ತದೆ, ಹಲವು ಔಷಧಿಗಳಿಗೆ ಬಗ್ಗುವುದಿಲ್ಲ. ನಿಮ್ಮ ತೊಂದರೆಗೂ ಅದಕ್ಕೂ ಸಂಬಂಧವಿಲ್ಲ.

ಇನ್ನು ಆ ಟ್ಯೂಬ್. ಅದರ ಮೇಲೆ ಕ್ಲೋಬೆಟಾಸೋಲ್ ಅಥವಾ ಬೀಟಾಮೆಥಾಸೋನ್ ಎಂದಿದ್ದರೆ ಅದು ಸ್ಟೆರಾಯ್ಡ್. ತುರಿಕೆ ಎರಡು ದಿನ ಅಡಗುತ್ತದೆ, ಒಳಗೆ ಶಿಲೀಂಧ್ರ ಹಬ್ಬುತ್ತದೆ, ಚರ್ಮ ತೆಳುವಾಗುತ್ತದೆ. ಚೀಟಿ ಇಲ್ಲದೆ ಇಂಥದ್ದು ಮಾರುವುದನ್ನು ಕಂಡರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಕ್ಲೋಟ್ರಿಮಜೋಲ್‌ನಂಥ ಶಿಲೀಂಧ್ರದ ಔಷಧಿಯನ್ನು ಡಾಕ್ಟರು ಬರೆದುಕೊಟ್ಟರೆ ಹೇಳಿದಷ್ಟು ದಿನ ಪೂರ್ತಿ ಬಳಸಿ. ಈಗಿನ ಟ್ಯೂಬನ್ನು ಜೊತೆಗೆ ತೆಗೆದುಕೊಂಡು ಹೋಗಿ ಅವರಿಗೆ ತೋರಿಸಿ.

— ಸಂಪಾದಕ