ಒಟಿಪಿ ಓದಿ ಹೇಳಿದ್ದು ಅತ್ತೆ, ಖರ್ಚು ಮಾಡಿದ್ದು ತಮ್ಮನ ಮಗ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಸಲಹೆ ಕೇಳಿ ಬಂದವರು ತೀರ್ಥಹಳ್ಳಿ ಕಡೆಯ ನಿವೃತ್ತ ಶಿಕ್ಷಕಿ, ಒಬ್ಬರೇ ಇರುವವರು. ಶಿವಮೊಗ್ಗದಲ್ಲಿ ರೂಮು ಮಾಡಿಕೊಂಡು ಡಿಗ್ರಿ ಓದುವ ತಮ್ಮನ ಮಗನೇ ಅವರ ಮೆಸ್ಕಾಂ ಕರೆಂಟ್ ಬಿಲ್ಲು, ಗ್ಯಾಸ್ ಬುಕಿಂಗ್ ನೋಡಿಕೊಳ್ಳುತ್ತಿದ್ದ. ಅದಕ್ಕೆಂದು ಕ್ರೆಡಿಟ್ ಕಾರ್ಡಿನ ಎರಡೂ ಬದಿಯ ಫೋಟೋ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದರು. 'ಅತ್ತೆ, ಒಂದು ನಂಬರ್ ಬಂದಿರತ್ತೆ ನೋಡಿ' ಎಂದಾಗಲೆಲ್ಲ ಓದಿ ಹೇಳುತ್ತಿದ್ದರು. ನೆಟ್‌ವರ್ಕ್ ಸಿಗುವುದು ಜಗಲಿಯ ಒಂದು ಮೂಲೆಯಲ್ಲಿ ಮಾತ್ರ. ಉಳಿದ ಮೆಸೇಜುಗಳನ್ನು ನೋಡುವ ರೂಢಿಯೇ ಇರಲಿಲ್ಲ. ಸ್ಟೇಟ್‌ಮೆಂಟ್ ಬಂದಾಗ 62,000 ರೂಪಾಯಿ: ಮೊಬೈಲು 38,500, ಬಟ್ಟೆ-ಊಟ ಮೂರು ಸಲ ಸೇರಿ 9,200, ವಿದೇಶಿ ಗೇಮಿಂಗ್ ಸೈಟಿಗೆ ನಾಲ್ಕು ಸಲ 14,300.

ಅವರ ಪ್ರಶ್ನೆ ಎರಡು. ಬ್ಯಾಂಕಿಗೆ 'ಯಾರು ಮಾಡಿದ್ದೋ ಗೊತ್ತಿಲ್ಲ' ಎಂದು ಬರೆಯಬಹುದೇ? ತಮ್ಮನ ಕಿವಿಗೆ ಬೀಳದಂತೆ ಮುಗಿಸಬಹುದೇ?

ಎರಡಕ್ಕೂ ಮೊದಲು ಕಾರ್ಡ್ ಬ್ಲಾಕ್ ಆಗಬೇಕಿತ್ತು. ವಿಷಯ ತಿಳಿದು ಎರಡು ದಿನವಾಗಿದ್ದರೂ ಕಾರ್ಡ್ ಚಾಲ್ತಿಯಲ್ಲೇ ಇತ್ತು. ತಾತ್ಕಾಲಿಕ ಲಾಕ್ ಇಲ್ಲಿ ಸಾಲದು; ನಂಬರು, ಸಿವಿವಿ (ಆನ್‌ಲೈನ್ ಖರೀದಿಗೆ ಕೇಳುವ, ಕಾರ್ಡಿನ ಮೇಲಿನ ಗುಟ್ಟಿನ ಅಂಕಿ) ಎರಡೂ ಹುಡುಗನ ಫೋನಿನಲ್ಲಿವೆ. ಪೂರ್ತಿ ಬ್ಲಾಕ್ ಮಾಡಿಸಿ, ದೂರಿನ ಸಂಖ್ಯೆ ಬರೆದುಕೊಂಡು, ಹೊಸ ನಂಬರಿನ ಕಾರ್ಡನ್ನೇ ಕೇಳಬೇಕು. ಮನೆಯವರು ಕೂತು ಮಾತಾಡುವುದು ಆಮೇಲೆ.

ಇನ್ನು ಬ್ಯಾಂಕಿನ ಹೊಣೆ. ರಿಸರ್ವ್ ಬ್ಯಾಂಕ್ 2017ರ ಜುಲೈ 6ರ ಸುತ್ತೋಲೆಯಲ್ಲಿ ತಂದ ನಿಯಮದಂತೆ ತಪ್ಪು ಗ್ರಾಹಕರದ್ದೂ ಅಲ್ಲ, ಬ್ಯಾಂಕಿನದ್ದೂ ಅಲ್ಲ ಎಂದಾದರೆ, ಬ್ಯಾಂಕಿನಿಂದ ಮಾಹಿತಿ ಬಂದ ಮೂರು ಕೆಲಸದ ದಿನದೊಳಗೆ ತಿಳಿಸಿದವರಿಗೆ ನಷ್ಟವಿಲ್ಲ. ಆದರೆ ಗುಟ್ಟಿನ ವಿವರವನ್ನು ತಾವೇ ಕೊಟ್ಟಿದ್ದರೆ ದೂರು ಕೊಡುವವರೆಗಿನ ನಷ್ಟ ಗ್ರಾಹಕರದ್ದೇ, ನಂತರದ್ದು ಬ್ಯಾಂಕಿನದು. ಮೊಬೈಲು, ಬಟ್ಟೆ, ಊಟಕ್ಕೆ ಒಟಿಪಿ ಹೇಳಿದ್ದು ಇವರೇ. ಗೇಮಿಂಗ್ ಸೈಟು ಒಟಿಪಿ ಕೇಳಿರಲಿಲ್ಲ, ವಿದೇಶಿ ವ್ಯಾಪಾರಿಗಳು ಕೇಳದಿರುವುದು ಉಂಟು. ಆದರೂ ಫೋಟೋ ಕಳಿಸಿದ್ದು ಇವರೇ ಆದ್ದರಿಂದ ಅಲ್ಲಿಯೂ ಹಣ ವಾಪಸ್ ಬರುವ ಭರವಸೆ ಕಡಿಮೆ. ಇದನ್ನು ಮುಚ್ಚಿಡದೆ ಹೇಳಲಾಯಿತು.

'ಗೊತ್ತಿಲ್ಲ' ಎಂದು ಬರೆಯುವುದು ಬೇಡವೇ ಬೇಡ. ಮೊಬೈಲು ತಲುಪಿದ್ದು ಹುಡುಗನ ರೂಮಿಗೆ. ವಿಚಾರಿಸಿದರೆ ವಿಳಾಸ ಒಂದೇ ಪತ್ರದಲ್ಲಿ ಹೊರಬೀಳುತ್ತದೆ. ದೂರು ಕೊಡುವುದಾದರೆ ಇದ್ದದ್ದನ್ನು ಇದ್ದಹಾಗೆ ಬರೆದು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೋ ಶಿವಮೊಗ್ಗದ ಸಿಇಎನ್ (ಸೈಬರ್ ಅಪರಾಧ ನೋಡುವ) ಪೊಲೀಸ್ ಠಾಣೆಗೋ ಹೋಗಬಹುದು. ಬೇರೆಯವರ ಗುರುತಿನ ವಿವರವನ್ನು ಮೋಸದಿಂದ ಬಳಸಿದರೆ ಐಟಿ ಕಾಯ್ದೆಯ 66ಸಿ ಕಲಮಿನಡಿ ಮೂರು ವರ್ಷದವರೆಗೆ ಸಜೆ, ಒಂದು ಲಕ್ಷದವರೆಗೆ ದಂಡ ಉಂಟು. ಹುಡುಗನಿಗೆ ಹತ್ತೊಂಬತ್ತು. ಆ ದಾರಿ ಎಲ್ಲಿಗೆ ಹೋಗುತ್ತದೆಂದು ತಿಳಿದೇ ಹೆಜ್ಜೆ ಇಡಬೇಕು. ಅವನು ಒಪ್ಪಿಕೊಳ್ಳದಿದ್ದರೆ, ಮತ್ತೆ ಮಾಡಿದರೆ, ಹಿಂಜರಿಯಬಾರದು.

ಅವರು ಮನೆಯೊಳಗೇ ಬಗೆಹರಿಸಲು ಒಪ್ಪಿದರು. ಆಗ ತಮ್ಮನಿಗೆ ಹೇಳದೆ ವಿಧಿಯಿಲ್ಲ; ಓದುವ ಹುಡುಗನ ಕೈಯಲ್ಲಿ 62,000 ಎಲ್ಲಿಂದ ಬರಬೇಕು? ತಮ್ಮ ಹೇಳಿದ್ದು, ಅಡಿಕೆ ಮಂಡಿ ಲೆಕ್ಕ ಆದಮೇಲೆ ಕೊಡುತ್ತೇನೆ ಎಂದು. ಕಾರ್ಡಿನ ಬಡ್ಡಿ ಮಂಡಿ ಲೆಕ್ಕಕ್ಕೆ ಕಾಯುವುದಿಲ್ಲ. ಇವರ ಕಾರ್ಡಿಗೆ ತಿಂಗಳಿಗೆ 3.5 ಶೇಕಡಾ, ಅಂದರೆ 2,170. ಅದರ ಮೇಲೆ 18 ಶೇಕಡಾ ಜಿಎಸ್‌ಟಿ ಸೇರಿ ಸುಮಾರು 2,560. ಕನಿಷ್ಠ ಮೊತ್ತವೆಂದು ಐದು ಶೇಕಡಾ, 3,100 ಕಟ್ಟಿದರೆ ಅಸಲಿಗೆ ಸೇರುವುದು 540 ರೂಪಾಯಿ ಮಾತ್ರ. ಆದ್ದರಿಂದ ಸಣ್ಣದೊಂದು ಎಫ್‌ಡಿ ಮುರಿದು ಕಾರ್ಡಿನ ಬಾಕಿಯನ್ನು ಗಡುವಿನೊಳಗೆ ಪೂರ್ತಿ ತೀರಿಸುವ ಸಲಹೆ ಕೊಡಲಾಯಿತು. ಅವಧಿಗೆ ಮುಂಚೆ ಮುರಿದದ್ದಕ್ಕೆ ಕಳೆಯುವ ಬಡ್ಡಿ ಇದರ ಮುಂದೆ ಏನೂ ಅಲ್ಲ.

ತಮ್ಮ ಮತ್ತು ಹುಡುಗ ಇಬ್ಬರೂ ಸಹಿ ಹಾಕಿದ ಒಂದು ಪುಟದ ಒಪ್ಪಿಗೆ ಆಯಿತು: 50,000 ತಮ್ಮನಿಂದ ಮಂಡಿ ಲೆಕ್ಕದಲ್ಲಿ, 12,000 ಹುಡುಗನಿಂದ ತಿಂಗಳಿಗೆ ಸಾವಿರದಂತೆ, ಎಲ್ಲವೂ ಬ್ಯಾಂಕ್ ಖಾತೆಗೆ. ಕೈಗೆ ಕೊಟ್ಟ ನಗದು ಆರು ತಿಂಗಳಲ್ಲಿ ಜಗಳದ ಬೀಜವಾಗುತ್ತದೆ. ಹುಡುಗನ ಪಾಲು ಚಿಕ್ಕದಾದರೂ ಬಿಡಬಾರದೆಂದು ಒತ್ತಿ ಹೇಳಲಾಯಿತು. ಮಾತು ಮೂವರ ನಡುವೆಯೇ ಇರಲಿ, ನೆಂಟರ ಮದುವೆಮನೆಯಲ್ಲಿ ಬೇಡ ಎಂದೂ.

ಹೊಸ ಕಾರ್ಡಿನಲ್ಲಿ ವಿದೇಶಿ ಬಳಕೆ ಆಫ್, ಆನ್‌ಲೈನ್ ಮಿತಿ 5,000. ಮೆಸ್ಕಾಂ ಬಿಲ್ಲನ್ನು ಹುಡುಗ ಈಗಲೂ ಕಟ್ಟುತ್ತಾನೆ, ತನ್ನ ಯುಪಿಐನಿಂದ. ರಸೀದಿ ನೋಡಿ ಅತ್ತೆ ಅವನ ಖಾತೆಗೆ ಹಣ ಹಾಕುತ್ತಾರೆ.