ಬೆಳಗ್ಗೆ ಮಾತ್ರ ಸ್ಟಾರ್ಟ್ ಆಗದ ಹಳೇ ಡೀಸೆಲ್ ಇಂಡಿಕಾ: ಪಂಪ್ ಬಿಚ್ಚಿಸಬೇಕಾ?

ಸದ್ಯಕ್ಕೆ ಬಿಚ್ಚಿಸಬೇಡಿ. ನೀವು ಹೇಳಿದ ಲಕ್ಷಣ ಪಂಪಿನದ್ದಲ್ಲ (ಇಂಜಿನ್‌ಗೆ ಒತ್ತಡದಲ್ಲಿ ಡೀಸೆಲ್ ಕಳಿಸುವ ಪಂಪ್) ಅಂತ ನನಗೆ ಅನಿಸುತ್ತದೆ. ಯಾಕೆ ಅಂತ ಹೇಳುತ್ತೇನೆ.

ನೀವು ಬರೆದದ್ದು ಇಷ್ಟು. 2006ರ ಡೀಸೆಲ್ ಇಂಡಿಕಾ. ಸಕಲೇಶಪುರದ ಹತ್ತಿರ ಮನೆ, ಇಳಿಜಾರಿನ ಅಂಗಳದಲ್ಲಿ ಮೂತಿ ಮೇಲೆ ಮಾಡಿ ನಿಲ್ಲಿಸುತ್ತೀರಿ. ಬೆಳಗ್ಗೆ ಸೆಲ್ಫ್ ಚೆನ್ನಾಗಿ ತಿರುಗುತ್ತದೆ, ಆದರೆ ಇಂಜಿನ್ ಹಿಡಿಯುವುದಿಲ್ಲ. ಹೊಡೆದು ಹೊಡೆದು ಸಾಕಾದ ಮೇಲೆ ಹಿಡಿಯುತ್ತದೆ, ಸ್ವಲ್ಪ ಹೊತ್ತು ನಡುಗುತ್ತದೆ, ಆಮೇಲೆ ಸಂಜೆ ತನಕ ಅರ್ಧ ಸೆಲ್ಫಿಗೇ ಸ್ಟಾರ್ಟ್. ಗ್ಯಾರೇಜಿನವರು ಪಂಪ್ ಓವರ್‌ಹಾಲ್ ಅಂದಿದ್ದಾರೆ.

ನಾನು ಬಹಳ ಕಾಲದಿಂದ ಹಳೇ ಡೀಸೆಲ್ ಗಾಡಿಗಳ ಕೆಲಸವನ್ನೇ ಮಾಡಿಕೊಂಡು ಬಂದವನು. ನಿಮ್ಮ ಗಾಡಿಯಲ್ಲಿರುವಂಥ ರೋಟರಿ ಪಂಪ್ ಸವೆದರೆ ಅದು ಕೈ ಕೊಡುವುದು ಸಾಮಾನ್ಯವಾಗಿ ಬಿಸಿಯಲ್ಲಿ. ಪಂಪಿನ ಒಳಗೆ ಪ್ರೆಷರ್ ಕಟ್ಟುವ ಭಾಗಗಳ ನಡುವೆ ಕೂದಲೆಳೆಗಿಂತ ಎಷ್ಟೋ ಕಡಿಮೆ ಸಂದು ಇರುತ್ತದೆ. ಸವೆದಾಗ ಆ ಸಂದು ದೊಡ್ಡದಾಗುತ್ತದೆ. ತಣ್ಣಗಿರುವ ಡೀಸೆಲ್ ಸ್ವಲ್ಪ ಮಂದ, ಹಾಗಾಗಿ ಹೇಗೋ ಪ್ರೆಷರ್ ನಿಲ್ಲುತ್ತದೆ. ಬಿಸಿಯಾದ ಡೀಸೆಲ್ ತೆಳುವಾಗಿ ಆ ಸಂದಿನಲ್ಲೇ ನುಸುಳಿಬಿಡುತ್ತದೆ. ಅದಕ್ಕೇ ಅಂತಹ ಗಾಡಿ ಬೆಳಗ್ಗೆ ಚೆನ್ನಾಗಿ ಸ್ಟಾರ್ಟ್ ಆಗಿ, ಘಾಟಿ ಹತ್ತಿ ಟೀ ಕುಡಿಯೋಕೆ ನಿಲ್ಲಿಸಿದಾಗ ಮೊಂಡು ಹಿಡಿಯುತ್ತದೆ. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ತಣಿಸಿದರೆ ಸ್ಟಾರ್ಟ್ ಆಗುತ್ತದೆ, ಹಳೇ ಮೆಕ್ಯಾನಿಕ್‌ಗಳು ಇದನ್ನೇ ಪರೀಕ್ಷೆ ಮಾಡಿಕೊಳ್ಳುತ್ತಿದ್ದರು. ನಿಮ್ಮದು ಇದರ ಪೂರ್ತಿ ಉಲ್ಟಾ ಅಲ್ವಾ?

ಹಾಗಾದರೆ ಉಳಿಯುವುದು ಮುಖ್ಯವಾಗಿ ಎರಡು ಅನುಮಾನ: ಹೀಟರ್ ಪ್ಲಗ್ (ಸ್ಟಾರ್ಟ್ ಮಾಡುವ ಮುಂಚೆ ಇಂಜಿನ್ ಒಳಗೆ ಕಾಯಿಸುವ ಪುಟ್ಟ ಕಡ್ಡಿ), ಇಲ್ಲವೇ ಡೀಸೆಲ್ ಲೈನ್ ಏರ್ ಹಿಡಿಯುವುದು, ಅಂದರೆ ಪೈಪಿನೊಳಗೆ ಗಾಳಿ ಸೇರುವುದು. ಯಾವುದು ಅಂತ ತಿಳಿಯಲು ಮೊದಲು ಹೊಗೆ ನೋಡಿ. ನಾಳೆ ಬೆಳಗ್ಗೆ ನೀವು ಸೆಲ್ಫ್ ಹೊಡೆಯುವಾಗ ಮನೆಯವರೊಬ್ಬರನ್ನು ಸೈಲೆನ್ಸರ್ ಹಿಂದೆ ನಿಲ್ಲಿಸಿ. ಕಣ್ಣು ಉರಿಸುವ, ಹಸಿ ಡೀಸೆಲ್ ವಾಸನೆಯ ಬಿಳಿ ಹೊಗೆ ಬಂದರೆ ಡೀಸೆಲ್ ಒಳಗೆ ಹೋಗುತ್ತಿದೆ, ಉರಿಯುತ್ತಿಲ್ಲ ಅಂತ ಅರ್ಥ. ಹೊಗೆಯೇ ಇಲ್ಲ ಅಂದರೆ ಡೀಸೆಲ್ಲೇ ತಲುಪುತ್ತಿಲ್ಲ. ಈ ಒಂದು ವಿಷಯ ತಿಳಿದರೆ ಅರ್ಧ ಕೆಲಸ ಮುಗಿದ ಹಾಗೆ. ಇದನ್ನು ನೋಡದೇ ಸ್ಪ್ಯಾನರ್ ಹಿಡಿಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಬಿಳಿ ಹೊಗೆ ಬಂತು ಅಂತ ಇಟ್ಟುಕೊಳ್ಳಿ. ಡೀಸೆಲ್ ಇಂಜಿನ್‌ಗೆ ಸ್ಪಾರ್ಕ್ ಇಲ್ಲ. ಗಾಳಿಯನ್ನು ಒತ್ತಿ ಒತ್ತಿ ಕಾಯಿಸಿ, ಆ ಬಿಸಿಗೇ ಡೀಸೆಲ್ ತಾನಾಗಿ ಹೊತ್ತಿಕೊಳ್ಳಬೇಕು. ನಿಮ್ಮ 1.4 ಲೀಟರ್ ಇಂಜಿನ್ ಹಳೇ ಐಡಿಐ (ಇನ್‌ಡೈರೆಕ್ಟ್ ಇಂಜೆಕ್ಷನ್) ಮಾದರಿಯದ್ದು. ಡೀಸೆಲ್ ನೇರ ಪಿಸ್ಟನ್ ಮೇಲೆ ಬೀಳುವುದಿಲ್ಲ. ಸಿಲಿಂಡರ್ ಮೇಲಿನ ಮುಚ್ಚಳದಂಥ ಹೆಡ್ಡಿನಲ್ಲಿರುವ ಪುಟ್ಟ ಕೋಣೆಯಲ್ಲಿ ಮೊದಲು ಉರಿಯುತ್ತದೆ. ಆ ಕೋಣೆಯ ಗೋಡೆ ತಣ್ಣಗಿದ್ದರೆ ಒತ್ತಿದ ಗಾಳಿಯ ಬಿಸಿಯನ್ನೆಲ್ಲ ಅದೇ ಎಳೆದುಕೊಳ್ಳುತ್ತದೆ. ಅದಕ್ಕೇ ಪ್ರತಿ ಸಿಲಿಂಡರಿಗೂ ಒಂದೊಂದು ಹೀಟರ್ ಪ್ಲಗ್. ಪಕ್ಕದ ತೋಟದ ಟ್ರ್ಯಾಕ್ಟರ್ ಇದ್ಯಾವುದೂ ಇಲ್ಲದೆ ಸ್ಟಾರ್ಟ್ ಆಗುತ್ತದಲ್ಲ ಅಂತ ಕೇಳಬಹುದು. ಅದು ಡೈರೆಕ್ಟ್ ಇಂಜೆಕ್ಷನ್, ಡೀಸೆಲ್ ನೇರ ಪಿಸ್ಟನ್ ಮೇಲೇ ಬೀಳುತ್ತದೆ, ಲೆಕ್ಕವೇ ಬೇರೆ.

ನಾಲ್ಕು ಪ್ಲಗ್‌ಗಳಲ್ಲಿ ಒಂದೆರಡು ಸತ್ತರೂ ಬೇಸಿಗೆಯಲ್ಲಿ ಗೊತ್ತೇ ಆಗುವುದಿಲ್ಲ. ಡಿಸೆಂಬರ್ ಬಂದಾಗ ಬಣ್ಣ ಬಯಲಾಗುತ್ತದೆ. ಹಿಡಿದ ಮೇಲೆ ಸ್ವಲ್ಪ ಹೊತ್ತು ನಡುಗುತ್ತದೆ ಅಂದಿರಲ್ಲ, ಅದೂ ಇದಕ್ಕೇ ಹೊಂದುತ್ತದೆ. ಬಿಸಿಯಾಗದ ಸಿಲಿಂಡರ್‌ಗಳು ತಡವಾಗಿ ಸೇರಿಕೊಳ್ಳುತ್ತವೆ. ಡ್ಯಾಶ್‌ಬೋರ್ಡಿನಲ್ಲಿ ಹೀಟರ್‌ನ ಕಾಯಿಲ್ ಲೈಟ್ (ಸುರುಳಿ ಗುರುತಿನ ದೀಪ) ಹತ್ತಿ ಆರುತ್ತದೆ, ಹಾಗಾಗಿ ಹೀಟರ್ ಸರಿ ಇದೆ ಅಂದುಕೊಳ್ಳಬೇಡಿ. ಆ ಲೈಟ್ ಟೈಮರ್ ಲೆಕ್ಕದಲ್ಲಿ ಆರುತ್ತದೆ, ಪ್ಲಗ್ ಕಾದಿದೆಯೋ ಇಲ್ಲವೋ ಅದಕ್ಕೆ ತಿಳಿಯದು.

ಪರೀಕ್ಷೆ ಮಾಡಲು ಪ್ಲಗ್ ಬಿಚ್ಚಬೇಕಾಗಿಲ್ಲ. ನಾಲ್ಕನ್ನೂ ಜೋಡಿಸುವ ಪಟ್ಟಿ ಇರುತ್ತದೆ. ಮೊದಲು ಕೀ ಆನ್ ಮಾಡಿ ಆ ಪಟ್ಟಿಗೆ ಕರೆಂಟ್ ಬರುತ್ತಿದೆಯಾ ನೋಡಿ. ಬರದಿದ್ದರೆ ರಿಲೇ ಅಥವಾ ಫ್ಯೂಸ್, ಖರ್ಚು ಕಡಿಮೆ. ಬಂದರೆ ಕೀ ಆಫ್ ಮಾಡಿ, ಪಟ್ಟಿ ತೆಗೆದು ಪಕ್ಕಕ್ಕಿಡಿ. ಟೆಸ್ಟ್ ಲ್ಯಾಂಪಿನ ಕ್ಲಿಪ್ಪನ್ನು ಬ್ಯಾಟರಿ ಪ್ಲಸ್‌ಗೆ ಹಾಕಿ, ಸೂಜಿಯನ್ನು ಒಂದೊಂದೇ ಪ್ಲಗ್ಗಿನ ತುದಿಗೆ ಮುಟ್ಟಿಸಿ. ಬಲ್ಬ್ ಹತ್ತದ ಪ್ಲಗ್ ಸತ್ತಿದೆ. ಮಲ್ಟಿಮೀಟರ್ ಇದ್ದರೆ ಪ್ಲಗ್ ತುದಿಗೂ ಇಂಜಿನ್ ಬಾಡಿಗೂ ಇಟ್ಟು ನೋಡಿ, ಒಳ್ಳೆಯ ಪ್ಲಗ್ ಸುಮಾರು ಒಂದು ಓಮ್ ಆಸುಪಾಸು ತೋರಿಸುತ್ತದೆ.

ಬದಲಾಯಿಸುವುದಾದರೆ ನಾಲ್ಕನ್ನೂ ಒಟ್ಟಿಗೆ ಬದಲಾಯಿಸಿ. ಬಿಚ್ಚುವಾಗ ಮಾತ್ರ ಅವಸರ ಬೇಡ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಇಂಜಿನ್ ಬೆಚ್ಚಗಿರುವಾಗ ಹಿಂದೆ ಮುಂದೆ ಆಡಿಸುತ್ತಾ ತೆಗೆಯಬೇಕು. ಜೋರು ಮಾಡಿ ಪ್ಲಗ್ ಒಳಗೇ ಮುರಿದರೆ ಕೊನೆಗೆ ಹೆಡ್ಡೇ ಇಳಿಸಬೇಕಾಗಬಹುದು. ಸಣ್ಣ ಖರ್ಚಿನ ಕೆಲಸ ದೊಡ್ಡ ಖರ್ಚಿಗೆ ಹೋಗುವುದು ಹೀಗೇ.

ಈಗ ಹೊಗೆ ಬರಲಿಲ್ಲ ಅಂತ ಇಟ್ಟುಕೊಳ್ಳಿ. ನಿಮ್ಮ ಅಂಗಳದ ಇಳಿಜಾರು ನನ್ನ ತಲೆಯಲ್ಲಿ ಕೊರೆಯುತ್ತಿರುವುದು ಇಲ್ಲೇ. ಟ್ಯಾಂಕ್ ಹಿಂದೆ, ಕೆಳಗೆ ಇದೆ. ಪಂಪ್ ಮುಂದೆ, ಮೇಲೆ ಇದೆ. ಪಂಪೇ ಡೀಸೆಲ್ಲನ್ನು ಎಳೆದುಕೊಳ್ಳಬೇಕು. ಮೂತಿ ಮೇಲೆ ಮಾಡಿ ನಿಲ್ಲಿಸಿದರೆ, ಎಲ್ಲೋ ಒಂದು ಕಡೆ ಗಾಳಿ ಸೇರಲು ದಾರಿ ಇದ್ದರೆ ಸಾಕು, ರಾತ್ರಿಯೆಲ್ಲ ಡೀಸೆಲ್ ನಿಧಾನಕ್ಕೆ ಟ್ಯಾಂಕಿಗೆ ವಾಪಸ್ ಇಳಿಯುತ್ತದೆ. ಬೆಳಗ್ಗೆ ಪಂಪಿಗೆ ಸಿಗುವುದು ಬರೀ ಗಾಳಿ.

ಇದರಲ್ಲಿ ಮೋಸ ಏನೆಂದರೆ ಹೊರಗೆ ಒಂದು ಹನಿಯೂ ಕಾಣುವುದಿಲ್ಲ. ಎಳನೀರಿನ ಸ್ಟ್ರಾದಲ್ಲಿ ತೂತು ಬಿದ್ದರೆ ನೀರು ಸೋರುವುದಿಲ್ಲ, ಗಾಳಿ ಬಾಯಿಗೆ ಬರುತ್ತದೆ, ಹಾಗೇ ಇದು. 'ಲೀಕೇಜ್ ಇಲ್ಲ, ನೋಡಿದೆ' ಅಂತ ಗ್ಯಾರೇಜಿನಲ್ಲಿ ಹೇಳಿದರೆ ಅದನ್ನು ನಂಬಿ ಬಿಟ್ಟುಬಿಡಬೇಡಿ.

ಇವತ್ತು ರಾತ್ರಿ ಗಾಡಿಯನ್ನು ಮೂತಿ ಕೆಳಗೆ ಮಾಡಿ ನಿಲ್ಲಿಸಿ, ಗಾಲಿಗೆ ಕಲ್ಲು ಕೊಡಿ. ಬೆಳಗ್ಗೆ ಸಲೀಸಾಗಿ ಹಿಡಿದರೆ ಏರ್ ಅಂತ ಹೆಚ್ಚುಕಡಿಮೆ ಖಾತ್ರಿ. ಮಾರನೇ ದಿನ ಮತ್ತೆ ಮೂತಿ ಮೇಲೆ ಮಾಡಿ ನಿಲ್ಲಿಸಿ, ಬೆಳಗ್ಗೆ ಕೀ ಮುಟ್ಟುವ ಮುಂಚೆ ಹ್ಯಾಂಡ್ ಪ್ರೈಮರ್ (ಕೈಯಿಂದ ಒತ್ತಿ ಡೀಸೆಲ್ ಎಳೆಯುವ ಸಣ್ಣ ಪಂಪ್) ಒತ್ತಿ ನೋಡಿ. ಮೊದಲು ಮೆತ್ತಗಿದ್ದು, ಒತ್ತುತ್ತಾ ಒತ್ತುತ್ತಾ ಗಟ್ಟಿಯಾಗಿ, ಆಮೇಲೆ ಸೆಲ್ಫ್ ಹೊಡೆದ ತಕ್ಷಣ ಇಂಜಿನ್ ಹಿಡಿದರೆ ಇನ್ನು ಅನುಮಾನವೇ ಬೇಡ.

ಏರ್ ಎಲ್ಲಿಂದ ಅಂತ ಹುಡುಕುವುದು ತಾಳ್ಮೆಯ ಕೆಲಸ. ಫಿಲ್ಟರ್ ಇತ್ತೀಚೆಗೆ ಬದಲಾಯಿಸಿದ್ದರೆ ಅದರ ರಬ್ಬರ್ ರಿಂಗ್ ಮೊದಲು ನೋಡಿ. ಹಳೇ ರಿಂಗನ್ನೇ ಹಾಕಿರುತ್ತಾರೆ, ಇಲ್ಲವೇ ತಿರುಚಿ ಕೂರಿಸಿರುತ್ತಾರೆ. ಫಿಲ್ಟರ್ ಕೆಳಗಿನ ನೀರು ಬಿಡುವ ಸ್ಕ್ರೂ, ಹೋಸ್ ಕ್ಲಿಪ್‌ಗಳು, ತಾಮ್ರದ ವಾಷರ್‌ಗಳು, ಪ್ರೈಮರ್‌ನ ರಬ್ಬರ್, ಇವೆಲ್ಲ ಆಮೇಲೆ. ಡೀಸೆಲ್ ಸಿಂಪಡಿಸುವ ನಾಜಲ್‌ಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಹೋಗುವ, ಮಿಕ್ಕ ಡೀಸೆಲ್ ವಾಪಸ್ ಒಯ್ಯುವ ಸಣ್ಣ ರಿಟರ್ನ್ ಪೈಪ್‌ಗಳನ್ನು ಯಾರೂ ನೋಡುವುದೇ ಇಲ್ಲ. ಹೊರಗೆ ದಾರದ ನೇಯ್ಗೆ ಇರುವುದರಿಂದ ಒಳಗಿನ ರಬ್ಬರ್ ಬಿರುಕು ಬಿಟ್ಟದ್ದು ಕಾಣುವುದಿಲ್ಲ. ಹಳೆಯದಾಗಿದ್ದರೆ ಎಲ್ಲವನ್ನೂ ಹೊಸದು ಹಾಕಿಸಿ, ದುಬಾರಿ ಏನಲ್ಲ. ಆಮೇಲೂ ಬಗೆಹರಿಯದಿದ್ದರೆ ಫಿಲ್ಟರ್‌ಗೂ ಪಂಪಿಗೂ ನಡುವೆ ಪರೀಕ್ಷೆಗೆ ಮಾತ್ರ ಒಂದು ಪಾರದರ್ಶಕ ಪೈಪ್ ತುಂಡು ಹಾಕಿ. ಗುಳ್ಳೆ ಓಡುತ್ತಿದ್ದರೆ ಏರ್ ಅದಕ್ಕಿಂತ ಹಿಂದೆ, ಅಂದರೆ ಟ್ಯಾಂಕಿನ ಕಡೆಯಿಂದ ಸೇರುತ್ತಿದೆ.

ಪಂಪಿನ ಮೇಲಿರುವ, ಕೀ ಆಫ್ ಮಾಡಿದಾಗ ಡೀಸೆಲ್ ನಿಲ್ಲಿಸುವ ಸ್ಟಾಪ್ ಸೊಲೆನಾಯ್ಡನ್ನೂ ಒಮ್ಮೆ ನೋಡಿಬಿಡಿ. ಕೀ ಆನ್ ಮಾಡಿದಾಗ 'ಟಿಕ್' ಅನ್ನಬೇಕು. ಅನ್ನದಿದ್ದರೆ ಅದಕ್ಕೆ ಬರುವ ವೈರ್ ನೋಡಿ.

ಬ್ಯಾಟರಿ ವಿಷಯ ಚಿಕ್ಕದು. ಸೆಲ್ಫ್ ಚೆನ್ನಾಗಿ ತಿರುಗುತ್ತದೆ ಅಂದಿದ್ದೀರಿ, ಆದರೆ ಕಿವಿಗೆ ಚೆನ್ನಾಗಿ ಕೇಳುವುದಕ್ಕೂ ಡೀಸೆಲ್ ಇಂಜಿನ್‌ಗೆ ಸಾಕಾಗುವುದಕ್ಕೂ ವ್ಯತ್ಯಾಸ ಇದೆ. ರಾತ್ರಿ ನಿಂತ ಗಾಡಿಯ ಬ್ಯಾಟರಿ 12.4 ವೋಲ್ಟ್‌ಗಿಂತ ಮೇಲಿರಬೇಕು, ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಇಳಿಯಬಾರದು. ಬ್ಯಾಟರಿ ಹೊಸದಿದ್ದೂ ಇಳಿಯುತ್ತಿದ್ದರೆ ಸೆಲ್ಫ್ ಮೋಟಾರನ್ನೇ ತೋರಿಸಿ. ವೋಲ್ಟ್ ಇಳಿಯದೆಯೂ ಸೆಲ್ಫ್ ಎಳೆದಾಡಿದರೆ ಇಂಜಿನ್‌ನಿಂದ ಬಾಡಿಗೆ ಹೋಗುವ ಅರ್ತ್ ಪಟ್ಟಿ ಬಿಚ್ಚಿ, ತುಕ್ಕು ಉಜ್ಜಿ ಮತ್ತೆ ಬಿಗಿಯಿರಿ.

ಚಳಿಗೆ ಡೀಸೆಲ್ ಗಟ್ಟಿಯಾಗಿದೆ ಅಂತ ಯಾರಾದರೂ ಹೇಳಿದರೆ ನಕ್ಕು ಸುಮ್ಮನಾಗಿ. ಅದು ಲಡಾಖಿನ ಕತೆ. ಅಲ್ಲಿಗೆ ಅಂತಲೇ 2019ರಲ್ಲಿ ಇಂಡಿಯನ್ ಆಯಿಲ್ ಮೈನಸ್ 33 ಡಿಗ್ರಿಯಲ್ಲೂ ಹರಿಯುವ ಬೇರೆ ಡೀಸೆಲ್ ತಂದಿತು. ಮಲೆನಾಡಿನ ಚಳಿಗೆ ನಮ್ಮ ಮಾಮೂಲಿ ಡೀಸೆಲ್‌ಗೆ ಏನೂ ಆಗುವುದಿಲ್ಲ.

ಇನ್ನು ಎರಡು ಕೆಲಸ ದಯವಿಟ್ಟು ಮಾಡಬೇಡಿ. ಒಂದು, ಏರ್ ಫಿಲ್ಟರಿಗೆ ಸ್ಟಾರ್ಟಿಂಗ್ ಸ್ಪ್ರೇ ಹೊಡೆಯುವುದು. ಅದರಲ್ಲಿ ಈಥರ್ ಇರುತ್ತದೆ. ಕಾದ ಹೀಟರ್ ಪ್ಲಗ್ ಇರುವ ಇಂಜಿನ್‌ನಲ್ಲಿ ಅದು ಹೊತ್ತಲ್ಲದ ಹೊತ್ತಲ್ಲಿ ಸಿಡಿಯುತ್ತದೆ, ಪಿಸ್ಟನ್ ಒಡೆಯಬಹುದು. ಇನ್ನೊಂದು, ಇಳಿಜಾರಿದೆ ಅಂತ ದಿನಾ ಉರುಳಿಸಿ ಗೇರ್‌ಗೆ ಹಾಕುವುದು. ನಿಮ್ಮ ಇಂಜಿನ್‌ದು ಟೈಮಿಂಗ್ ಬೆಲ್ಟ್, ಪಿಸ್ಟನ್ ಲೆಕ್ಕಕ್ಕೆ ಸರಿಯಾಗಿ ವಾಲ್ವ್ ಆಡಿಸುವ ಹಲ್ಲಿನ ಬೆಲ್ಟ್. ಹಳೇ ಬೆಲ್ಟ್ ಆ ಎಳೆತಕ್ಕೆ ಹಲ್ಲು ಹಾರಿದರೆ ವಾಲ್ವ್ ಬಾಗುತ್ತದೆ.

ಬೆಲ್ಟ್ ಅಂದಾಗ ನೆನಪಾಯಿತು. ಈ ತೊಂದರೆ ಬೆಲ್ಟ್ ಬದಲಾಯಿಸಿದ ಮೇಲೆ ಶುರುವಾಯಿತಾ? ಹಾಗಿದ್ದರೆ ಪಂಪ್ ಟೈಮಿಂಗ್ ಸ್ವಲ್ಪ ಹಿಂದೆ ಬಿದ್ದಿರಬಹುದು, ಅಂದರೆ ಡೀಸೆಲ್ ತಡವಾಗಿ ಬೀಳುತ್ತಿರಬಹುದು. ಅದಕ್ಕೂ ಇದೇ ಲಕ್ಷಣ: ಬೆಳಗ್ಗೆ ಹಿಡಿಯದು, ಬಿಳಿ ಹೊಗೆ. ಪಂಪ್ ಇಳಿಸದೆ ಗುರುತು ನೋಡಿ ಸರಿ ಮಾಡಬಹುದು.

ಹೀಟರ್ ಸರಿ, ಏರ್ ಇಲ್ಲ, ಟೈಮಿಂಗ್ ಸರಿ, ಆದರೂ ಬಿಳಿ ಹೊಗೆ ಅಂದರೆ ಕಂಪ್ರೆಷನ್ (ಸಿಲಿಂಡರಿನಲ್ಲಿ ಗಾಳಿ ಒತ್ತಿದಾಗ ಕಟ್ಟುವ ಒತ್ತಡ) ಅಳೆಸಿ. ಡೀಸೆಲ್ ಗೇಜ್‌ನಲ್ಲೇ ಅಳೆಯಬೇಕು, ಪೆಟ್ರೋಲ್ ಗಾಡಿಯ ಗೇಜ್ ಈ ಒತ್ತಡ ತಡೆಯದು. ಇಂತಹ ಇಂಜಿನ್‌ನಲ್ಲಿ 400 ಪಿಎಸ್‌ಐ ಆಸುಪಾಸು ಇದ್ದರೆ ಚಿಂತೆ ಇಲ್ಲ. ಒಂದು ಸಿಲಿಂಡರ್ ಮಾತ್ರ ತೀರಾ ಕೆಳಗಿದ್ದರೆ ಪಿಸ್ಟನ್ ರಿಂಗ್ ಅಥವಾ ವಾಲ್ವ್ ಕೆಲಸ.

ಇದೇ ತೊಂದರೆ ಇರುವ ಸ್ವಿಫ್ಟ್ ಡಿಡಿಐಎಸ್‌ನಂಥ ಕಾಮನ್ ರೈಲ್ (ಎಲ್ಲ ನಾಜಲ್‌ಗೂ ಒಂದೇ ಪೈಪಿನಿಂದ ಭಾರೀ ಒತ್ತಡದ ಡೀಸೆಲ್ ಕೊಡುವ) ಗಾಡಿಯವರು ಯಾರಾದರೂ ಓದುತ್ತಿದ್ದರೆ, ನಾಜಲ್ ಪೈಪಿನ ನಟ್ ಸಡಿಲಿಸಿ ಏರ್ ತೆಗೆಯಲು ಹೋಗಬೇಡಿ. ಅಲ್ಲಿ ಒತ್ತಡ ಸಾವಿರ ಬಾರ್ ದಾಟುತ್ತದೆ, ಚರ್ಮ ಸೀಳಿ ಡೀಸೆಲ್ ಒಳಗೆ ಹೋಗುತ್ತದೆ. ಅಂತಹ ಗಾಡಿಗೆ ಮೊದಲು ದೋಷ ಓದುವ ಸ್ಕ್ಯಾನರ್ ಹಾಕಿಸಬೇಕು.

ಇಷ್ಟೆಲ್ಲ ನೋಡಿಯೂ ಪಂಪೇ ಅಂತ ತೀರ್ಮಾನವಾದರೆ, ಊರಿನ ಗ್ಯಾರೇಜಿನಲ್ಲಿ ಬಿಚ್ಚಿಸಬೇಡಿ. ಟೆಸ್ಟ್ ಬೆಂಚ್ (ಪಂಪನ್ನು ಓಡಿಸಿ ಅಳೆಯುವ ಯಂತ್ರ) ಇರುವ ಡೀಸೆಲ್ ಪಂಪ್ ರಿಪೇರಿ ಅಂಗಡಿಗೆ ಕೊಡಿ. ಬಿಚ್ಚುವ ಮುಂಚಿನ ರೀಡಿಂಗ್ ಮತ್ತು ಆಮೇಲಿನ ರೀಡಿಂಗ್ ಎರಡನ್ನೂ ಬರೆದುಕೊಡಲು ಹೇಳಿ, ದುಡ್ಡಿನ ಮಾತು ಅದಾದ ಮೇಲೆ ಆಡಿ.